ಮಧ್ಯರಾತ್ರಿ ಫೋನ್ ಆಫ್ ಮಾಡಿದ್ರೆ ಸೌರಜ್ವಾಲೆ ತಪ್ಪುತ್ತಾ?

ಈ ವಾರದ ವಿಷಯ ಸೌರಜ್ವಾಲೆ, ಅಂದ್ರೆ ಸೋಲಾರ್ ಫ್ಲೇರ್. ಮೊದಲೇ ಒಪ್ಕೊಂಡುಬಿಡ್ತೀನಿ, ನಾನು ಓದಿದ್ದು ಬಿಕಾಂ. ಭೌತಶಾಸ್ತ್ರದ ಪುಸ್ತಕ ಎಸೆಸೆಲ್ಸಿ ಮುಗಿದ ದಿನವೇ ಕಟ್ಟಿ ಅಟ್ಟಕ್ಕೆ ಹಾಕಿದ್ದೆ. ಆದ್ರೂ ಈ ವಿಷಯ ಯಾಕೆ ಎತ್ಕೊಂಡೆ ಅನ್ನೋದಕ್ಕೆ ಒಂದು ಕಾರಣ ಇದೆ. ಅದು ನಮ್ಮ ಮನೇಲೇ ನಡೆದದ್ದು.

2024ರ ಮೇ 11, ಶನಿವಾರ. ನಾನು ಬೆಂಗಳೂರಿಂದ ದಾವಣಗೆರೆಗೆ, ಊರಿಗೆ ಹೋಗಿದ್ದೆ. ಸಂಜೆ ನಮ್ಮ ಫ್ಯಾಮಿಲಿ ಗ್ರೂಪಿಗೆ ಒಂದು ಮೆಸೇಜ್ ಬಂತು. ರಾತ್ರಿ 12.30ರಿಂದ 3.30ರವರೆಗೆ ಕಾಸ್ಮಿಕ್ ಕಿರಣಗಳು ಭೂಮಿ ಹತ್ತಿರ ಹಾದುಹೋಗ್ತವೆ, ಎಲ್ಲರೂ ಫೋನ್ ಆಫ್ ಮಾಡಿ, ಮೈಯಿಂದ ದೂರ ಇಡಿ, ಇಲ್ಲಾಂದ್ರೆ ಅಪಾಯ ಅಂತ. ಈ ಮೆಸೇಜ್ ನಿಮಗೂ ಬಂದಿರುತ್ತೆ. ಹಳೇದು ಅದು, ವರ್ಷಕ್ಕೊಂದೆರಡು ಸಲ ಎದ್ದು ಬರುತ್ತೆ.

ಅಮ್ಮ ಮನೆಯ ಮೂರೂ ಫೋನ್ ಆಫ್ ಮಾಡಿಸಿ ಬೀರುವಿನಲ್ಲಿಟ್ಟು ಬೀಗ ಹಾಕಿದ್ರು. ನಾನು ನಕ್ಕೆ, ಆದ್ರೆ ವಾದ ಮಾಡಲಿಲ್ಲ. ಒಂದು ರಾತ್ರಿ ತಾನೇ ಅಂತ ಸುಮ್ಮನಾದೆ.

ಭದ್ರಾವತಿಯಲ್ಲಿ ನಮ್ಮ ದೊಡ್ಡಮ್ಮ ಒಬ್ಬರೇ ಇರ್ತಾರೆ. ಅವತ್ತೇ ರಾತ್ರಿ ಒಂದು ಗಂಟೆ ಸುಮಾರಿಗೆ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡ್ರು. ಪಕ್ಕದ ಮನೆಯವರು ಕೂಗು ಕೇಳಿ ಓಡಿ ಬಂದು, ಅಮ್ಮನಿಗೆ ಫೋನ್ ಮಾಡಿದ್ರು. ಸ್ವಿಚ್ ಆಫ್. ನನಗೆ ಮಾಡಿದ್ರು. ಸ್ವಿಚ್ ಆಫ್. ಕೊನೆಗೆ ಅವರೇ ಆಟೋ ಹುಡುಕಿ ಆಸ್ಪತ್ರೆಗೆ ಸೇರಿಸಿದ್ರು. ನಮಗೆ ಗೊತ್ತಾಗಿದ್ದು ಬೆಳಗ್ಗೆ ಆರಕ್ಕೆ, ಬೀರು ತೆಗೆದಾಗ.

ದೊಡ್ಡಮ್ಮ ಈಗ ಚೆನ್ನಾಗಿದ್ದಾರೆ, ಕಾಲಲ್ಲಿ ರಾಡ್ ಇದೆ, ಕೋಲು ಹಿಡಿದು ಓಡಾಡ್ತಾರೆ. ಆದ್ರೆ ಆಸ್ಪತ್ರೆ ಮಂಚದಲ್ಲಿ ಮಲಗಿ ಅವರು ಕೇಳಿದ ಮೊದಲ ಮಾತು, "ಯಾಕ್ರೇ, ನಿಮ್ಮನೇಲಿ ಯಾರ ಫೋನೂ ಹತ್ತಲಿಲ್ವಲ್ಲ?" ಅಮ್ಮ ಉತ್ತರ ಕೊಡಲಿಲ್ಲ.

ವಾಪಸ್ ಬರುವಾಗ ಬಸ್ಸಲ್ಲಿ ನಾನು, "ಆ ಮೆಸೇಜ್ ಸುಳ್ಳಮ್ಮ" ಅಂದೆ. ಅಮ್ಮ ಅಂದ್ರು, "ಅಲ್ಲೋ, ಸುಳ್ಳಾದ್ರೆ ಟಿವಿಯಾಗೆ ಸೂರ್ಯನ ಬಿರುಗಾಳಿ ಅಂತ ಯಾಕೆ ತೋರಿಸಿದ್ರು? ಲಡಾಖಿನಾಗೆ ಆಕಾಶ ಕೆಂಪಾಗಿದ್ದು ನೀನೇ ತೋರಿಸಿದ್ಯಲ್ಲ?"

ನನ್ನ ಹತ್ರ ಉತ್ತರ ಇರಲಿಲ್ಲ. ಯಾಕಂದ್ರೆ ಅಮ್ಮ ಹೇಳಿದ್ದರಲ್ಲಿ ಅರ್ಧ ನಿಜ ಇತ್ತು. ಅದೇ ವಾರಾಂತ್ಯ ಭೂಮಿಗೆ ನಿಜವಾಗ್ಲೂ ಸೌರ ಬಿರುಗಾಳಿ ಬಡಿದಿತ್ತು. ಸುಮಾರು 20 ವರ್ಷಗಳಲ್ಲೇ ಅತಿ ದೊಡ್ಡದು. ಹಾಗಾದ್ರೆ ಯಾವುದು ನಿಜ, ಯಾವುದು ಸುಳ್ಳು? ಅಮ್ಮನಿಗೆ ಅವತ್ತು ಕೊಡಬೇಕಿದ್ದ ಉತ್ತರ ಈ ಎಪಿಸೋಡ್.

ಸೂರ್ಯನ ಮೇಲೆ ಆಗೋದೇನು?

ಸೂರ್ಯ ಭೂಮಿಯ ಹಾಗೆ ಗಟ್ಟಿ ಚೆಂಡಲ್ಲ. ಅದು ವಿದ್ಯುತ್ ಹರಿಯಬಲ್ಲ ಬಿಸಿ ಅನಿಲದ ಗುಂಡು. ಆ ಅನಿಲಕ್ಕೆ ಪ್ಲಾಸ್ಮಾ ಅಂತಾರೆ. ಗಟ್ಟಿ ಅಲ್ಲದ್ದರಿಂದ ಇಡೀ ಸೂರ್ಯ ಒಂದೇ ವೇಗದಲ್ಲಿ ತಿರುಗೋದಿಲ್ಲ. ಮಧ್ಯಭಾಗ ಸುಮಾರು 25 ದಿನಕ್ಕೆ ಒಂದು ಸುತ್ತು ಹಾಕಿದ್ರೆ, ಧ್ರುವದ ಕಡೆ 35 ದಿನದ ಹತ್ತಿರ ಬೇಕು.

ಇಲ್ಲೇ ತಕರಾರು ಶುರು. ಸೂರ್ಯನೊಳಗಿನ ಕಾಂತಕ್ಷೇತ್ರದ ಎಳೆಗಳು ಈ ಪ್ಲಾಸ್ಮಾ ಜೊತೆ ಅಂಟಿಕೊಂಡಂತೆ ಸಾಗ್ತವೆ. ಮಧ್ಯ ಬೇಗ, ತುದಿ ನಿಧಾನ ಅಂದ್ರೆ ಎಳೆಗಳು ಸುತ್ತಿಕೊಳ್ತಾ, ಹುರಿಗೊಳ್ತಾ ಹೋಗ್ತವೆ. ಅವು ಗಂಟುಗಂಟಾಗಿ ಮೇಲೆ ಉಬ್ಬಿ ಬರುವ ಜಾಗದಲ್ಲಿ ಒಳಗಿನ ಶಾಖ ಮೇಲಕ್ಕೆ ಸರಿಯಾಗಿ ಬರಲ್ಲ. ಆ ಜಾಗ ಸುತ್ತಮುತ್ತಲಿಗಿಂತ ತಂಪಾಗಿ, ಕಪ್ಪಗೆ ಕಾಣುತ್ತೆ. ಅದೇ ಸೌರಕಲೆ, ಸನ್‌ಸ್ಪಾಟ್.

ರಬ್ಬರ್ ಬ್ಯಾಂಡನ್ನು ತಿರುಚುತ್ತಾ ಹೋಗಿ. ಒಂದು ಹಂತದಲ್ಲಿ ಪಟ್ ಅಂತ ಕಿತ್ತು ಬೆರಳಿಗೆ ಹೊಡೆಯುತ್ತಲ್ಲ, ಹಾಗೆ ಈ ಕಾಂತದ ಎಳೆಗಳೂ ಕಡಿದು ಮತ್ತೆ ಬೇರೆ ರೀತಿ ಜೋಡಿಕೊಳ್ತವೆ. ಎಷ್ಟೋ ದಿನದಿಂದ ಕೂಡಿಟ್ಟ ಶಕ್ತಿ ಕೆಲವೇ ನಿಮಿಷದಲ್ಲಿ ಖರ್ಚಾಗುತ್ತೆ. ಆ ಜಾಗದ ಪ್ಲಾಸ್ಮಾ ಕೋಟಿ ಡಿಗ್ರಿ ದಾಟಿ ಕಾಯುತ್ತೆ, ಎಕ್ಸ್ ರೇ ಮತ್ತು ಅತಿನೇರಳೆ ಬೆಳಕು ಚಿಮ್ಮುತ್ತೆ. ಇದೇ ಸೌರಜ್ವಾಲೆ.

ಇದಕ್ಕೆ ಎ, ಬಿ, ಸಿ, ಎಂ, ಎಕ್ಸ್ ಅಂತ ಐದು ದರ್ಜೆ. ಒಂದೊಂದು ದರ್ಜೆಯೂ ಹಿಂದಿನದಕ್ಕಿಂತ 10 ಪಟ್ಟು ಜೋರು. ಎಕ್ಸ್‌ಗೆ ಮೇಲಿನ ಮಿತಿ ಇಲ್ಲ. 2024ರ ಅಕ್ಟೋಬರ್ 3ರಂದು ಬಂದದ್ದು ಎಕ್ಸ್9. 2003ರ ನವೆಂಬರ್ 4ರಂದು ಬಂದ ಜ್ವಾಲೆಗೆ ಉಪಗ್ರಹದ ಅಳತೆ ಯಂತ್ರವೇ ಗರಿಷ್ಠ ಮಟ್ಟ ಮುಟ್ಟಿ ನಿಂತುಹೋಯ್ತು. ಆಮೇಲೆ ಅಂದಾಜು ಮಾಡಿ ಅದನ್ನು ಎಕ್ಸ್28 ಅಥವಾ ಅದಕ್ಕಿಂತ ಹೆಚ್ಚು ಅಂತ ಬರೆದುಕೊಂಡ್ರು.

ಸೌರಕಲೆಗಳ ಸಂಖ್ಯೆ ಸುಮಾರು 11 ವರ್ಷಕ್ಕೊಮ್ಮೆ ಏರಿ ಇಳಿಯುತ್ತೆ. ಈಗಿನ ಚಕ್ರ 25ನೆಯದು, ಶುರುವಾಗಿದ್ದು 2019ರ ಡಿಸೆಂಬರಿನಲ್ಲಿ. 2024ರ ಅಕ್ಟೋಬರಿನಲ್ಲಿ ನಾಸಾದವರು ಸೂರ್ಯ ಗರಿಷ್ಠ ಚಟುವಟಿಕೆಯ ಹಂತ ಮುಟ್ಟಿದ್ದಾನೆ ಅಂತ ಹೇಳಿದ್ರು. ಇತ್ತೀಚೆಗೆ ಈ ಸುದ್ದಿಗಳು ಪದೇಪದೇ ಬರೋಕೆ ಅದೇ ಕಾರಣ.

ಯುಪಿಐ, ಕೊರಿಯರ್, ಲಾರಿ ಪಾರ್ಸೆಲ್

ಸೌರಜ್ವಾಲೆ, ಸೌರ ಬಿರುಗಾಳಿ ಎರಡನ್ನೂ ನಾವು ಒಂದೇ ಅಂದ್ಕೊಳ್ತೀವಿ. ಅಲ್ಲ. ಸೂರ್ಯನಿಂದ ಮೂರು ಬೇರೆ ಬೇರೆ ಮಾಲು, ಮೂರು ಬೇರೆ ಬೇರೆ ವೇಗದಲ್ಲಿ ಬರುತ್ತೆ. ನಾನು ಕಾಮರ್ಸ್ ಹುಡುಗ, ನನಗೆ ಹೀಗೆ ಅರ್ಥ ಆಯ್ತು.

ಮೊದಲನೇದು ಬೆಳಕು. ಇದು ಯುಪಿಐ ಇದ್ದ ಹಾಗೆ. ಸೂರ್ಯ ಇರೋದು ಸುಮಾರು 15 ಕೋಟಿ ಕಿ.ಮೀ. ದೂರದಲ್ಲಿ, ಎಕ್ಸ್ ರೇ ಇಲ್ಲಿಗೆ ಬರೋಕೆ ಎಂಟು ನಿಮಿಷ ಚಿಲ್ಲರೆ. ಮುನ್ನೆಚ್ಚರಿಕೆಗೆ ಸಮಯವೇ ಇಲ್ಲ, ನಮಗೆ ಕಂಡಾಗಲೇ ಅದು ಬಂದಾಗಿರುತ್ತೆ.

ಎರಡನೇದು ವೇಗದ ಕಣಗಳು, ಹೆಚ್ಚಾಗಿ ಪ್ರೋಟಾನುಗಳು. ಇವು ಬೈಕಲ್ಲಿ ಬರೋ ಕೊರಿಯರ್. ಹತ್ತಾರು ನಿಮಿಷದಿಂದ ಕೆಲವು ಗಂಟೆಯೊಳಗೆ ಬರುತ್ತವೆ. ಉಪಗ್ರಹದ ಚಿಪ್ಪುಗಳಿಗೆ, ಗಗನಯಾತ್ರಿಗಳಿಗೆ ಇವುಗಳದ್ದೇ ಭಯ.

ಮೂರನೇದು ಸಿಎಂಇ. ಪೂರ್ತಿ ಹೆಸರು ಕರೋನಲ್ ಮಾಸ್ ಇಜೆಕ್ಷನ್. ಸೂರ್ಯನ ಹೊರಪದರದಿಂದ ನೂರಾರು ಕೋಟಿ ಟನ್ ಪ್ಲಾಸ್ಮಾ ತನ್ನ ಕಾಂತಕ್ಷೇತ್ರದ ಸಮೇತ ಕಿತ್ತು ಹೊರಡುತ್ತೆ. ಇದು ಲಾರಿ ಪಾರ್ಸೆಲ್. ಸಾಮಾನ್ಯವಾಗಿ ಒಂದರಿಂದ ಮೂರು ದಿನ ತಗೊಳ್ಳುತ್ತೆ, ತೀರಾ ವೇಗದ್ದು 15ರಿಂದ 18 ಗಂಟೆಯಲ್ಲೂ ಬರಬಹುದು. ನಿಧಾನ, ಆದ್ರೆ ಭಾರ. ಭೂಮಿಯ ಮೇಲೆ ದೊಡ್ಡ ಅನಾಹುತ ಮಾಡೋದು ಇದೇ.

ಪ್ರತಿ ಜ್ವಾಲೆಯ ಹಿಂದೆಯೂ ಲಾರಿ ಹೊರಡಲ್ಲ. ಹೊರಟರೂ ಎಷ್ಟೋ ಸಲ ಭೂಮಿಯ ವಿಳಾಸಕ್ಕೆ ಬರಲ್ಲ. 2012ರ ಜುಲೈ 23ರಂದು ಭಾರೀ ಸಿಎಂಇ ಒಂದು ಹೊರಟು ಬೇರೆ ದಿಕ್ಕಿಗೆ ಹೋಯ್ತು. ಆ ದಾರಿಯಲ್ಲಿದ್ದ ಸ್ಟೀರಿಯೋ-ಎ ನೌಕೆಗೆ ಬಡಿದು, ಅದರ ಅಳತೆ ಸಿಕ್ಕಿದ್ದಕ್ಕೆ ನಮಗೆ ಅದು ಎಷ್ಟು ದೊಡ್ಡದಿತ್ತು ಅಂತ ಗೊತ್ತಾಯ್ತು.

1859: ಮುಂಬೈನಲ್ಲೂ ಲೆಕ್ಕ ಬರೆದಿಟ್ಟಿದ್ದರು

ಇತಿಹಾಸಕ್ಕೆ ಬರೋಣ. 1859ರ ಸೆಪ್ಟೆಂಬರ್ 1. ಇಂಗ್ಲೆಂಡಿನಲ್ಲಿ ರಿಚರ್ಡ್ ಕ್ಯಾರಿಂಗ್ಟನ್ ಅನ್ನೋ 33 ವರ್ಷದ ಖಗೋಳ ವಿಜ್ಞಾನಿ ದೂರದರ್ಶಕದಿಂದ ಸೂರ್ಯನ ಬಿಂಬವನ್ನು ಪರದೆ ಮೇಲೆ ಬೀಳಿಸಿ ಸೌರಕಲೆಗಳ ಚಿತ್ರ ಬರೀತಿದ್ದರು. ಇದ್ದಕ್ಕಿದ್ದಂತೆ ಕಲೆಗಳ ನಡುವೆ ಎರಡು ಬಿಳಿ ಬೆಳಕಿನ ಮಚ್ಚೆ ಹೊಳೆದವು. ಸಾಕ್ಷಿಗೆ ಯಾರನ್ನಾದ್ರೂ ಕರೆಯೋಣ ಅಂತ ಓಡಿದ್ರು. ಒಂದು ನಿಮಿಷದೊಳಗೆ ವಾಪಸ್ ಬಂದಾಗ ಬೆಳಕು ಆಗಲೇ ಕುಗ್ಗಿತ್ತು. ಅದೃಷ್ಟಕ್ಕೆ ರಿಚರ್ಡ್ ಹಾಡ್ಜ್‌ಸನ್ ಅನ್ನೋ ಇನ್ನೊಬ್ಬರೂ ಬೇರೆ ಕಡೆಯಿಂದ ಅದನ್ನೇ ನೋಡಿದ್ದರು. ಮನುಷ್ಯ ಸೌರಜ್ವಾಲೆ ನೋಡಿ ದಾಖಲಿಸಿದ್ದು ಅದೇ ಮೊದಲು.

ಸುಮಾರು 17 ಗಂಟೆ ಕಳೆದು ಬಿರುಗಾಳಿ ಭೂಮಿ ಮುಟ್ಟಿತು. ಧ್ರುವದ ಹತ್ತಿರ ಮಾತ್ರ ಕಾಣುವ ಅರೋರಾ, ಕ್ಯೂಬಾ ಮತ್ತು ಹವಾಯಿಯಲ್ಲಿ ಕಾಣಿಸಿತು. ಆ ಕಾಲದ ಇಂಟರ್ನೆಟ್ ಅಂದ್ರೆ ಟೆಲಿಗ್ರಾಫ್. ಅದರ ತಂತಿಗಳಲ್ಲಿ ತಾನಾಗೇ ಕರೆಂಟ್ ಹರಿದು ಆಪರೇಟರ್‌ಗಳಿಗೆ ಶಾಕ್ ಹೊಡೀತು. ಅಮೆರಿಕದ ಬಾಸ್ಟನ್ ಮತ್ತು ಪೋರ್ಟ್‌ಲ್ಯಾಂಡ್ ಆಪರೇಟರ್‌ಗಳು ಬ್ಯಾಟರಿ ಕಳಚಿಟ್ಟು, ಆಕಾಶದಿಂದ ಬಂದ ಕರೆಂಟಲ್ಲೇ ಸಂದೇಶ ಕಳಿಸಿಕೊಂಡ್ರು!

ಇದರಲ್ಲಿ ನನಗೆ ತುಂಬಾ ಇಷ್ಟವಾದ ವಿಷಯ ನಮ್ಮ ದೇಶದ್ದು. ಮುಂಬೈನ ಕೊಲಾಬಾ ವೀಕ್ಷಣಾಲಯದಲ್ಲಿ ಆಗ ಭೂಮಿಯ ಕಾಂತಕ್ಷೇತ್ರವನ್ನು ಅಳೆದು ಕೈಯಲ್ಲಿ ಬರೆದಿಡ್ತಿದ್ದರು. ಅವತ್ತು ಅಲ್ಲಿ ಸುಮಾರು 1,600 ನ್ಯಾನೊಟೆಸ್ಲಾ ಕುಸಿತ ದಾಖಲಾಯ್ತು. ಸುಮಾರು ಒಂದೂವರೆ ಶತಮಾನದ ನಂತರ ವಿಜ್ಞಾನಿಗಳು ಕ್ಯಾರಿಂಗ್ಟನ್ ಬಿರುಗಾಳಿ ಎಷ್ಟು ದೊಡ್ಡದು ಅಂತ ಲೆಕ್ಕ ಹಾಕಿದ್ದು ಇದೇ ಪುಸ್ತಕದ ಅಂಕಿಗಳನ್ನು ಇಟ್ಟುಕೊಂಡು. ಹಳೇ ಲೆಡ್ಜರ್ ಎಸೀಬಾರದು ಅಂತ ನಮ್ಮ ಅಕೌಂಟ್ಸ್ ಮೇಷ್ಟ್ರು ಹೇಳ್ತಿದ್ದದ್ದು ನೆನಪಾಯ್ತು.

ಕರೆಂಟ್ ಹೋಗುತ್ತೆ, ಫೋನ್ ಯಾಕೆ ಸುಡಲ್ಲ?

ಹಳೇ ಸೈಕಲ್ ಡೈನಮೊ ನೋಡಿದ್ದೀರಾ? ಆಯಸ್ಕಾಂತ ತಿರುಗಿದ್ರೆ ತಂತಿಯಲ್ಲಿ ಕರೆಂಟ್ ಹುಟ್ಟುತ್ತೆ. ಸಿಎಂಇ ಬಡಿದಾಗ ಭೂಮಿಯ ಕಾಂತಕ್ಷೇತ್ರವೇ ಅಲುಗಾಡುತ್ತೆ. ಆಗ ನೆಲದ ಮೇಲಿರುವ ಉದ್ದದ ತಂತಿಗಳಲ್ಲಿ ಕರೆಂಟ್ ಹುಟ್ಟುತ್ತೆ. ಇಲ್ಲಿ "ಉದ್ದ" ಅನ್ನೋ ಮಾತು ಮುಖ್ಯ. ನೂರಾರು ಕಿ.ಮೀ. ಹೈಟೆನ್ಷನ್ ಲೈನ್ ಇದ್ರೆ ಅದರಲ್ಲಿ ಹುಟ್ಟುವ ಹೆಚ್ಚುವರಿ ಕರೆಂಟ್ ಟ್ರಾನ್ಸ್‌ಫಾರ್ಮರಿಗೆ ತಡೆಯಲಾರದಷ್ಟಾಗುತ್ತೆ. ನಿಮ್ಮ ಫೋನ್ ಗೇಣುದ್ದವೂ ಇಲ್ಲ. ಅದರಲ್ಲಿ ಹುಟ್ಟೋದು ಲೆಕ್ಕಕ್ಕೇ ಬರದಷ್ಟು. ಆನ್ ಇದ್ರೂ ಅಷ್ಟೇ, ಆಫ್ ಇದ್ರೂ ಅಷ್ಟೇ.

1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಆಗಿದ್ದು ಇದೇ. ನಡುರಾತ್ರಿ ಕಳೆದ ಮೇಲೆ ಸುಮಾರು 90 ಸೆಕೆಂಡಿನೊಳಗೆ ಇಡೀ ಪ್ರಾಂತ್ಯದ ಗ್ರಿಡ್ ಬಿದ್ದುಹೋಯ್ತು. 60 ಲಕ್ಷ ಜನ ಸುಮಾರು ಒಂಬತ್ತು ಗಂಟೆ ಕತ್ತಲಲ್ಲಿದ್ದರು. ಅಲ್ಲಿನ ನೆಲದಡಿಯ ಗಟ್ಟಿ ಬಂಡೆಯಲ್ಲಿ ವಿದ್ಯುತ್ ಸುಲಭವಾಗಿ ಹರಿಯಲ್ಲ. ಹಾಗಾಗಿ ಕರೆಂಟು ತಂತಿಯ ದಾರಿ ಹಿಡೀತು. 2003ರ ಅಕ್ಟೋಬರ್ ಕೊನೆಯಲ್ಲಿ ಸ್ವೀಡನ್ನಿನ ಮಾಲ್ಮೋ ನಗರದಲ್ಲೂ ಸುಮಾರು ಒಂದು ಗಂಟೆ ವಿದ್ಯುತ್ ಹೋಗಿತ್ತು.

ಇನ್ನು ಉಪಗ್ರಹಗಳ ಕಥೆ. ಬಿರುಗಾಳಿ ಬಂದಾಗ ವಾತಾವರಣದ ಮೇಲ್ಪದರ ಬಿಸಿಯಾಗಿ ಉಬ್ಬುತ್ತೆ. ಕೆಳಗಿನ ಕಕ್ಷೆಯಲ್ಲಿರೋ ಉಪಗ್ರಹಕ್ಕೆ ಎದುರುಗಾಳಿ ಹೆಚ್ಚಾದಂತೆ. 2022ರ ಫೆಬ್ರವರಿಯಲ್ಲಿ ಸ್ಪೇಸ್‌ಎಕ್ಸ್ ಹಾರಿಸಿದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ ಹೆಚ್ಚುಕಡಿಮೆ 40 ಹೀಗೇ ಕೆಳಗೆ ಬಿದ್ದು ಉರಿದುಹೋದವು. ಅದು ದೊಡ್ಡ ಬಿರುಗಾಳಿಯೂ ಆಗಿರಲಿಲ್ಲ.

ರೇಡಿಯೋದ ಕಥೆಯಂತೂ ಮೈ ಜುಮ್ಮೆನ್ನಿಸುತ್ತೆ. 1967ರ ಮೇ 23, ಅಮೆರಿಕ ಮತ್ತು ಸೋವಿಯತ್ ಶೀತಲ ಸಮರದ ಕಾಲ. ಕ್ಷಿಪಣಿ ಬಂದ್ರೆ ಎಚ್ಚರಿಸಬೇಕಿದ್ದ ಅಮೆರಿಕದ ರೇಡಾರ್‌ಗಳು ಒಟ್ಟಿಗೇ ಕೆಟ್ಟಂತಾದವು. ಸೋವಿಯತ್‌ನವರೇ ಬೇಕಂತ ಜಾಮ್ ಮಾಡಿದ್ರಾ ಅನ್ನೋ ಅನುಮಾನ ಬಂತು. ಅಷ್ಟರಲ್ಲಿ ಸೇನೆಯ ಸೌರ ಹವಾಮಾನ ತಜ್ಞರು, ಇದು ಸೂರ್ಯನ ರೇಡಿಯೋ ಅಬ್ಬರ ಅಂತ ತಿಳಿಸಿದ್ರು. ಸರಿಯಾದ ಮಾಹಿತಿ ಸರಿಯಾದ ಹೊತ್ತಿಗೆ ಸಿಕ್ಕಿದ್ದಕ್ಕೆ ಒಂದು ದೊಡ್ಡ ಅನಾಹುತ ತಪ್ಪಿತು.

ಆ ರಾತ್ರಿ ನಿಜಕ್ಕೂ ಆಫ್ ಆಗಿದ್ದು ಏನು?

ಈಗ ಮತ್ತೆ 2024ರ ಮೇ ತಿಂಗಳಿಗೆ. 3664 ಅನ್ನೋ ಸಂಖ್ಯೆಯ ಸೌರಕಲೆಗಳ ಗುಂಪು ಭೂಮಿಗಿಂತ ಸುಮಾರು 15 ಪಟ್ಟು ಅಗಲ ಇತ್ತು. ಅಲ್ಲಿಂದ ಒಂದರ ಹಿಂದೊಂದು ಸಿಎಂಇ ಹೊರಟವು. ಹಿಂದಿನದು ಮುಂದಿನದನ್ನು ಹಿಡಿದು, ಒಟ್ಟಾಗಿ ಭೂಮಿಗೆ ಬಡಿದವು. ಭಾರತೀಯ ಕಾಲಮಾನದಲ್ಲಿ ಮೇ 10ರ ರಾತ್ರಿ ಶುರು. ಜಿ1ರಿಂದ ಜಿ5ರ ಅಳತೆಯಲ್ಲಿ ಇದು ಜಿ5, 2003ರ ನಂತರ ಮೊದಲ ಸಲ. ಅಮೆರಿಕದಲ್ಲಿ ಬಿತ್ತನೆ ಕಾಲ, ಜಿಪಿಎಸ್ ನಂಬಿಕೊಂಡಿದ್ದ ಟ್ರ್ಯಾಕ್ಟರುಗಳು ಸಾಲು ತಪ್ಪಿ ರೈತರು ಕೆಲಸ ನಿಲ್ಲಿಸಬೇಕಾಯ್ತು. ನ್ಯೂಜಿಲೆಂಡಿನಲ್ಲಿ ಮುನ್ನೆಚ್ಚರಿಕೆಗೆ ಕೆಲವು ವಿದ್ಯುತ್ ಮಾರ್ಗಗಳನ್ನು ಬಂದ್ ಮಾಡಿದ್ರು.

ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾಗಿದ್ದು ನಿಜ. ಅದನ್ನು ಸೆರೆಹಿಡಿದ ವೀಕ್ಷಣಾಲಯ ನಡೆಸೋದು ನಮ್ಮ ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ.

ಇನ್ನು ಹಾಸನ. ಇಸ್ರೋದ ಭೂಸ್ಥಿರ ಉಪಗ್ರಹಗಳನ್ನು ನೋಡಿಕೊಳ್ಳುವ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇರೋದು ಅಲ್ಲೇ. ಅಮ್ಮ ಬೀರುವಿಗೆ ಬೀಗ ಹಾಕಿದ ಅದೇ ವಾರಾಂತ್ಯ, ದಾವಣಗೆರೆಯಿಂದ ನಾಲ್ಕೈದು ಗಂಟೆ ದಾರಿಯ ಆ ಕೇಂದ್ರದಲ್ಲಿ ಎಂಜಿನಿಯರುಗಳು 36,000 ಕಿ.ಮೀ. ಎತ್ತರದ ಉಪಗ್ರಹಗಳ ಮೇಲೆ ಕಣ್ಣಿಟ್ಟು ಕೂತಿದ್ದರು. ಕೆಲವು ಉಪಗ್ರಹಗಳನ್ನು ನೇರ ನಿಲ್ಲಿಸುವ ಚಕ್ರಗಳ ವೇಗದಲ್ಲಿ ಏರುಪೇರು ಕಂಡಿತು. ಇನ್ಸಾಟ್-3ಡಿಆರ್ ಮತ್ತು 3ಡಿಎಸ್ ಹವಾಮಾನ ಉಪಗ್ರಹಗಳಲ್ಲಿ ನಕ್ಷತ್ರ ನೋಡಿ ದಿಕ್ಕು ತಿಳಿಯುವ ಸ್ಟಾರ್ ಸೆನ್ಸರ್‌ಗಳನ್ನು ಮುನ್ನೆಚ್ಚರಿಕೆಗೆ ಆಫ್ ಮಾಡಿದ್ರು. ನಮ್ಮ ದೇಶದಲ್ಲಿ ಆಫ್ ಮಾಡಬೇಕಿದ್ದದ್ದು ಅವು. ಅದನ್ನು ಗೊತ್ತಿದ್ದವರು ಮಾಡಿದ್ರು. ನಾವು ಫೋನ್ ಆಫ್ ಮಾಡಿದ್ವಿ.

ಇಸ್ರೋ ಆಮೇಲೆ ಹೇಳಿದ ಪ್ರಕಾರ, ಬಿರುಗಾಳಿಯ ಮುಖ್ಯ ಹೊಡೆತ ನಮ್ಮಲ್ಲಿ ಬೆಳಗಿನ ಜಾವ ಬಿತ್ತು. ಆಗ ಅಯಾನುಗೋಳ, ಅಂದ್ರೆ ರೇಡಿಯೋ ಸಿಗ್ನಲ್ ಮೇಲೆ ಪರಿಣಾಮ ಬೀರುವ ಮೇಲಿನ ಪದರ, ಪೂರ್ತಿ ರೂಪುಗೊಂಡಿರಲಿಲ್ಲ. ಜೊತೆಗೆ ನಾವು ಭೂಮಧ್ಯರೇಖೆಗೆ ಹತ್ತಿರ ಇದ್ದೀವಿ. ಹಾಗಾಗಿ ಭಾರತದಲ್ಲಿ ದೊಡ್ಡ ತೊಂದರೆ ಆಗಲಿಲ್ಲ.

ಮೆಸೇಜನ್ನು ಲೆಕ್ಕಕ್ಕೆ ಹಾಕಿ ನೋಡಿದ್ರೆ

ಈಗ ಆ ಫಾರ್ವರ್ಡನ್ನು ಸಾಲುಸಾಲಾಗಿ ಪರಿಶೀಲಿಸೋಣ, ಆಡಿಟ್ ಮಾಡೋ ಹಾಗೆ.

"ರಾತ್ರಿ 12.30ರಿಂದ 3.30." ಆ ಹೊತ್ತಲ್ಲಿ ಸೂರ್ಯ ನಮ್ಮ ಕಾಲಡಿ ಇರ್ತಾನೆ. ಅಂದ್ರೆ ನಮಗೂ ಅವನಿಗೂ ನಡುವೆ ಇಡೀ ಭೂಮಿ ಅಡ್ಡ ನಿಂತಿರುತ್ತೆ. ಜ್ವಾಲೆಯ ಎಕ್ಸ್ ರೇ ಬೀಳೋದು ಹಗಲಿರುವ ಕಡೆಗೆ. ಅಲ್ಲಿಯೂ ವಾತಾವರಣ ಅದನ್ನು ಮೇಲೆಯೇ ಹೀರಿಕೊಳ್ಳುತ್ತೆ, ನೆಲಕ್ಕೆ ಬರಲ್ಲ.

"ಕಾಸ್ಮಿಕ್ ಕಿರಣಗಳು ಹತ್ತಿರ ಹಾದುಹೋಗ್ತವೆ." ಕಾಸ್ಮಿಕ್ ಕಿರಣಗಳು ರೈಲಿನ ಥರ ಟೈಮಿಗೆ ಬಂದು ಹೋಗಲ್ಲ. ಎಲ್ಲಾ ದಿಕ್ಕಿಂದ, ಎಲ್ಲಾ ಹೊತ್ತಲ್ಲೂ ಬರ್ತಾನೇ ಇರ್ತವೆ.

"ಫೋನ್ ಆಫ್ ಮಾಡಿ." ಫೋನ್ ಟವರಿನ ಜೊತೆ ರೇಡಿಯೋ ತರಂಗದಲ್ಲಿ ಮಾತಾಡುತ್ತೆ. ಅದು ಆಕಾಶದಿಂದ ಕಿರಣಗಳನ್ನು ಎಳ್ಕೊಳ್ಳೋ ಆಯಸ್ಕಾಂತ ಅಲ್ಲ.

ಹಾಗಂತ ಸೌರ ಬಿರುಗಾಳಿಯೇ ಬರೀ ಪೊಳ್ಳು ಅಂತ ಅಂದ್ಕೋಬೇಡಿ. ಕ್ಯಾರಿಂಗ್ಟನ್ ಥರದ್ದು ಇವತ್ತು ಬಂದ್ರೆ ಗ್ರಿಡ್, ಜಿಪಿಎಸ್, ಉಪಗ್ರಹ, ಖಂಡಗಳ ನಡುವಿನ ಸಮುದ್ರದಡಿಯ ಕೇಬಲ್ಲುಗಳ ಸಿಗ್ನಲ್ ವರ್ಧಕಗಳು, ಎಲ್ಲಕ್ಕೂ ಹೊಡೆತ ಬೀಳಬಹುದು. ಅದಕ್ಕೇ ಕಾವಲು ಬೇಕು. ನಮ್ಮ ಆದಿತ್ಯ-ಎಲ್1 ಇರೋದು ಅದೇ ಕೆಲಸಕ್ಕೆ. 2023ರ ಸೆಪ್ಟೆಂಬರ್ 2ರಂದು ಹಾರಿ, 2024ರ ಜನವರಿ 6ರಂದು ಭೂಮಿಯಿಂದ ಸುಮಾರು 15 ಲಕ್ಷ ಕಿ.ಮೀ. ದೂರದ ಎಲ್1 ಜಾಗದ ಕಕ್ಷೆ ಸೇರಿತು. ಅದರ ಮುಖ್ಯ ಉಪಕರಣ ವಿಇಎಲ್‌ಸಿ ತಯಾರಾಗಿದ್ದು ಹೊಸಕೋಟೆಯ ಕ್ಯಾಂಪಸ್ಸಿನಲ್ಲಿ. ಎಕ್ಸ್ ರೇ ಅಳೆಯುವ ಎರಡು ಉಪಕರಣಗಳು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದವು.

ಎಲ್1 ಅಂದ್ರೆ ಊರ ಹೊರಗಿನ ಚೆಕ್‌ಪೋಸ್ಟ್. ಸಿಎಂಇಯ ಕಾಂತಕ್ಷೇತ್ರ ದಕ್ಷಿಣಕ್ಕೆ ತಿರುಗಿದ್ರೆ ಭೂಮಿಯ ಕಾಂತದ ಬಾಗಿಲು ತೆರೆದಂತೆ, ಹೊಡೆತ ಜೋರು. ಉತ್ತರಕ್ಕಿದ್ರೆ ಬಹುಪಾಲು ಜಾರಿಹೋಗುತ್ತೆ. ಇದು ನಿಖರವಾಗಿ ಗೊತ್ತಾಗೋದು ಲಾರಿ ಈ ಚೆಕ್‌ಪೋಸ್ಟ್ ದಾಟುವಾಗಲೇ. ಸೆಕೆಂಡಿಗೆ 800 ಕಿ.ಮೀ. ವೇಗದಲ್ಲಿ ಬಂದ್ರೆ ಅಲ್ಲಿಂದ ನಮಗೆ ಉಳಿಯೋದು ಸುಮಾರು ಅರ್ಧ ಗಂಟೆ. ಅಷ್ಟರಲ್ಲಿ ಗ್ರಿಡ್‌ನವರು, ಉಪಗ್ರಹದವರು ತಯಾರಾಗಬೇಕು.

ಈ ಎಪಿಸೋಡಿನ ಮೊದಲ ಕರಡನ್ನು ಅಮ್ಮನಿಗೆ ಕೇಳಿಸಿದೆ. ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದ್ರು. "ಹಂಗಾದ್ರೆ ನಿಜವಾಗ್ಲೂ ದೊಡ್ಡದು ಬಂದ್ರೆ ನಾವೇನು ಮಾಡ್ಬೇಕು?"

ಕರೆಂಟ್ ಹೋದ್ರೆ ಬೇಕಾಗೋದೆಲ್ಲ ಇಟ್ಕೊಂಡ್ರೆ ಸಾಕು ಅಂದೆ. ಫೋನ್ ಫುಲ್ ಚಾರ್ಜ್, ಒಂದು ಟಾರ್ಚ್, ಕುಡಿಯೋ ನೀರು, ಯುಪಿಐ ನಡೀದಿದ್ರೆ ಅಂತ ಸ್ವಲ್ಪ ನಗದು, ಮುಖ್ಯವಾದ ನಂಬರ್‌ಗಳು ಒಂದು ಹಾಳೇಲಿ. ಫೋನ್ ಮಾತ್ರ ಆನ್ ಇರಬೇಕು.

ಅಮ್ಮ ಎದ್ದು ಕ್ಯಾಲೆಂಡರ್ ಹಿಂದೆ ನಂಬರ್ ಬರೆಯೋಕೆ ಶುರುಮಾಡಿದ್ರು. ಮೊದಲನೇದು ದೊಡ್ಡಮ್ಮಂದು. ಎರಡನೇದು ಭದ್ರಾವತಿಯ ಪಕ್ಕದ ಮನೆಯವರದ್ದು.

ಆ ಹಳೇ ಮೆಸೇಜ್ ಮತ್ತೆ ನಿಮ್ಮ ಫ್ಯಾಮಿಲಿ ಗ್ರೂಪಿಗೆ ಬಂದೇ ಬರುತ್ತೆ. ಬಂದಾಗ ನಕ್ಕು ಸುಮ್ಮನಾಗಬೇಡಿ. ನಾನು ಮಾಡಿದ ತಪ್ಪು ಅದೇ. ಹಿರಿಯರ ಜೊತೆ ಹತ್ತು ನಿಮಿಷ ಕೂತು, ಇದರಲ್ಲಿ ಯಾವುದು ನಿಜ, ಯಾವುದು ಅಲ್ಲ ಅಂತ ಹೇಳಿ.